ಪೀರ್‌ಬೀಯ ಜೋಡಿ ಸಾಲು

ಎರೆದಿನ್ನಿಯ ಸರಕಾರಿ ಹೈಸ್ಕೂಲು ಯಾರ ಕೈಯಲ್ಲಿದೆ ಎಂದು ಕೇಳಿದರೆ ಊರವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಕೆಲವರಿಗೆ ಅದು ಇಲಾಖೆ, ಕೆಲವರಿಗೆ ಪಂಚಾಯಿತಿ, ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುವವರಿಗೆ ನೇರವಾಗಿ ವಿಧಾನಸೌಧ. ಪೀರ್‌ಬೀಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಬಂದರೆ ಅವಳೇ ನಕ್ಕುಬಿಟ್ಟಾಳು. ಆದರೆ ದೀಪಾವಳಿಯಿಂದ ಸಂಕ್ರಾಂತಿ ದಾಟುವವರೆಗೆ ಆ ಶಾಲೆಯ ಹುಡುಗಿಯರು ಬೆಂಚಿನ ಮೇಲೆ ಕೂರಬೇಕೋ ಹತ್ತಿ ಹೊಲದಲ್ಲಿ ನಿಲ್ಲಬೇಕೋ ಎಂಬುದು ಬೆಳಗಿನ ಹೊತ್ತು ಹಿಟ್ಟಿನ ಗಿರಣಿಯ ಮುಂದೆ ತೀರ್ಮಾನವಾಗುತ್ತಿತ್ತು. ತೀರ್ಮಾನಿಸುತ್ತಿದ್ದವಳು ಪೀರ್‌ಬೀ. ಅದು ಬಹಳ ವರ್ಷ ಅವಳಿಗೂ ಗೊತ್ತಿರಲಿಲ್ಲ.

ಅವಳು ಹೆಣ್ಣಾಳುಗಳ ಮೇಸ್ತ್ರಿ. ಮುದಗಲ್ಲಿನ ಮಗಳು, ಎರೆದಿನ್ನಿಯ ಸೊಸೆ. ಗಂಡ ಮಲೀಕಸಾಬ ಗಾದಿ ಹೊಲಿಯುತ್ತಿದ್ದ. ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರಿನ ಎಷ್ಟೋ ಮದುಮಕ್ಕಳು ಅವನು ಹಿಂಜಿದ ಹತ್ತಿಯ ಮೇಲೆ ಮಲಗಿದ್ದಾರೆ. ಅವನು ತೀರಿಕೊಂಡ ಮೇಲೆ ಪೀರ್‌ಬೀ ಹತ್ತಿಯ ಇನ್ನೊಂದು ತುದಿಗೆ ಬಂದಳು, ಅಂದರೆ ಗಿಡದಿಂದ ಬಿಡಿಸುವ ಕಡೆಗೆ. ಮೊದಲು ಆಳಾಗಿ ಹೋದಳು, ಆಮೇಲೆ ಆಳುಗಳನ್ನು ಕಟ್ಟಿಕೊಂಡು ಹೋದಳು. ಬಾಯಿ ಜೋರು. ಪೀರ್‌ಬೀ ಮಸ್ಕಿಯಲ್ಲಿ ಕೂಗಿದರೆ ಸಿಂಧನೂರಿನಲ್ಲಿ ಎಮ್ಮೆ ಬೆದರುತ್ತದೆ ಎಂದು ಆಳುಗಳನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೋದ ವೀರೇಶ ಚಾಷ್ಟಿ ಮಾಡುತ್ತಾನೆ. ಆದರೂ ಕೂಲಿಯಲ್ಲಿ ಅವಳು ಯಾರ ಬಾಯಿಗೂ ಮಣ್ಣು ಹಾಕಿದವಳಲ್ಲ. ಹಾಗಾಗಿ ಹೊಲದ ಯಜಮಾನರಿಗೂ ಅವಳೇ ಬೇಕು, ಹೆಂಗಸರಿಗೂ ಅವಳೇ ಬೇಕು.

ಅವಳ ಗುಂಪಿನಲ್ಲಿ ಹತ್ತಿ ಬಿಡಿಸುವುದಕ್ಕೆ ಒಂದು ಪದ್ಧತಿಯಿತ್ತು. ಒಂದು ಸಾಲಿಗೆ ಇಬ್ಬರು, ಗಿಡದ ಆಚೆ ಒಬ್ಬಳು, ಈಚೆ ಒಬ್ಬಳು. ಇಬ್ಬರೂ ಒಂದೇ ಹೆಜ್ಜೆಯಲ್ಲಿ ಮುಂದೆ ಹೋಗಬೇಕು. ಇಬ್ಬರದೂ ಒಂದೇ ಚೀಲ, ಒಂದೇ ತೂಕ, ಬಂದದ್ದರಲ್ಲಿ ಸಮಪಾಲು. ಇದನ್ನು ಜೋಡಿ ಸಾಲು ಎನ್ನುತ್ತಿದ್ದರು. ಜೋಡಿಯಾದವರು ಮಧ್ಯಾಹ್ನ ಬುತ್ತಿಯನ್ನೂ ಕೂಡಿಯೇ ಬಿಚ್ಚಬೇಕು. ಒಬ್ಬಳ ರೊಟ್ಟಿ, ಇನ್ನೊಬ್ಬಳ ಪಲ್ಯ. ಒಂದೇ ಗಿಡದ ಕಾಯಿಗೆ ಎರಡು ಕಡೆಯಿಂದ ಕೈ ಹಾಕುವವರು ಉಣ್ಣುವಾಗ ಬೆನ್ನು ತಿರುಗಿಸಿ ಕೂತರೆ ಸಂಜೆ ತೂಕದ ಹೊತ್ತಿಗೆ ಜಗಳ ಖಂಡಿತ ಎಂಬುದು ಪೀರ್‌ಬೀ ಕಂಡುಕೊಂಡ ಸತ್ಯ.

ಒಂದೇ ಚೀಲ, ಒಂದೇ ಬುತ್ತಿ ಎಂದ ಮೇಲೆ ಯಾರು ಯಾರ ಜೋಡಿಯಾಗುತ್ತಾರೆ? ನಂಬಿಕೆ ಇದ್ದವರು ಆಗುತ್ತಾರೆ, ಕೂಡಿ ಉಣ್ಣುವವರು ಆಗುತ್ತಾರೆ. ತಾಯಿಗೆ ಮಗಳಿಗಿಂತ ಹತ್ತಿರದವರು ಯಾರು? ಕೇರಿಯ ಹುಲಿಗೆಮ್ಮ ತನ್ನ ಮಗಳನ್ನು ಕರೆತಂದಳು. ತಾಂಡಾದ ಸೋಮ್ಲಿಬಾಯಿ, ಕಾಲುವೆ ಕ್ಯಾಂಪಿನ ತೆಲುಗಿನವಳು ಸತ್ಯವತಿ, ಪೀರ್‌ಬೀಯದೇ ಓಣಿಯ ಜೈನಾಬೀ, ಲಿಂಗವಂತರ ಓಣಿಯ ಕಲ್ಯಾಣಮ್ಮ ಎಲ್ಲರೂ ತಮ್ಮ ತಮ್ಮ ಮಗಳನ್ನು ಕರೆತಂದರು. ಪೀರ್‌ಬೀಯ ಎದುರಿಗೆ ಗಿಡದ ಆಚೆ ನಿಂತವಳು ಮೊಮ್ಮಗಳು ಅರ್ಜುಮಂದ್. ಚುರುಕು ಕೈ, ಮಾತು ಕಡಿಮೆ. ತಾಯಿಯಿಲ್ಲದ ಹುಡುಗಿ. ತಂದೆ, ಅಂದರೆ ಪೀರ್‌ಬೀಯ ಮಗ ಶಕೀಲ್, ಲಿಂಗಸುಗೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡು ಇನ್ನೊಂದು ಸಂಸಾರ ಹೂಡಿದ್ದರಿಂದ ಅಜ್ಜಿಯ ಹತ್ತಿರವೇ ಬೆಳೆದಿದ್ದಳು.

ಈ ಹುಡುಗಿಯರೆಲ್ಲ ಒಂದೇ ಹೈಸ್ಕೂಲಿನವರು. ಆ ಶಾಲೆಯ ಕಥೆಯೂ ವಿಚಿತ್ರವೇ. ಕೈಯಲ್ಲಿ ನಾಲ್ಕು ಕಾಸು ಆಡುವವರು ತಮ್ಮ ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಕೂರಿಸಿ ಮಸ್ಕಿಯ ಇಂಗ್ಲಿಷ್ ಶಾಲೆಗಳಿಗೆ ಕಳಿಸತೊಡಗಿ ವರ್ಷಗಳಾಗಿದ್ದವು. ಸರಕಾರಿ ಶಾಲೆಯಲ್ಲಿ ಉಳಿದವರು ವ್ಯಾನು ಹತ್ತಲಾಗದವರು. ವ್ಯಾನು ಹತ್ತಲಾಗದವರು ಎಲ್ಲ ಓಣಿಯಲ್ಲೂ ಇರುತ್ತಾರಲ್ಲ, ಹೀಗಾಗಿ ಊರಿನಲ್ಲಿ ಎಲ್ಲ ಓಣಿಯವರೂ ಒಂದೇ ಸೂರಿನಡಿ ಕೂರುವ ಜಾಗ ಅದೊಂದೇ ಆಗಿಬಿಟ್ಟಿತ್ತು. ಲಂಬಾಣಿ, ತೆಲುಗು, ದಖನಿ, ಕನ್ನಡ ಎಲ್ಲ ಒಂದೇ ಕೋಣೆಯಲ್ಲಿ ಗದ್ದಲ ಹಾಕುತ್ತಿದ್ದವು. ಯಾವ ಸುಧಾರಕನೂ ಬಂದು ಮಾಡಿದ ಕೆಲಸ ಅದಲ್ಲ. ಉಳ್ಳವರು ಎದ್ದು ಹೋದದ್ದರಿಂದ ತಾನಾಗಿ ಆದದ್ದು. ಎದ್ದು ಹೋಗುವವರು ಹೋಗುತ್ತಲೇ ಇದ್ದುದರಿಂದ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಲೂ ಇತ್ತು.

ಎರಡು ವರ್ಷದ ಹಿಂದೆ, ಹತ್ತಿ ಒಡೆಯುವ ಹೊತ್ತಿಗೆ, ಮುಖ್ಯಗುರುಗಳ ಜಾಗದಲ್ಲಿದ್ದ ಶಿವಕುಮಾರಿ ಟೀಚರ್ ಪೀರ್‌ಬೀಯನ್ನು ಹುಡುಕಿಕೊಂಡು ಹೊಲಕ್ಕೇ ಬಂದರು. ಸಿಂಧನೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವ ಗಣಿತದ ಟೀಚರ್. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಿಡುವುದೇ ಕಷ್ಟವಾಗಿತ್ತು. ಬದುವಿನ ಮೇಲೆ ನಿಂತು ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಇದ್ದದ್ದನ್ನು ಹೇಳಿದರು.

"ಹೆಸರು ಹಚ್ಚಿದ್ರ ಸಾಲದು, ಮಕ್ಕಳು ಕ್ಲಾಸಿನ್ಯಾಗ ಕಾಣಬೇಕು ಅಂತ ಮ್ಯಾಲಿನವ್ರು ಹೇಳ್ಯಾರ್ರೀ. ಈ ಹಂಗಾಮಿನ್ಯಾಗೂ ಬೆಂಚು ಖಾಲಿ ಬಿದ್ರ ಬರೋ ವರ್ಷ ಸಾಲಿ ಇಲ್ಲಿ ಇರಂಗಿಲ್ಲ. ದೊಡ್ಡ ಊರಿನ ಸಾಲಿಗೆ ಸೇರಿಸ್ತಾರ. ಗಂಡುಹುಡುಗ್ರು ಬಸ್ ಹತ್ತಿ ಹೋದಾರು. ಇವ್ರು?"

ಟೀಚರ್ ಗಿಡಗಳ ಕಡೆ ನೋಡಿದರು. ಸಾಲಿನ ಆಚೆ ನಿಂತಿದ್ದ ಹುಡುಗಿಯರೆಲ್ಲ ತಲೆ ತಗ್ಗಿಸಿ ಹತ್ತಿಯನ್ನೇ ನೋಡುತ್ತಿದ್ದರು, ಮನೆಪಾಠ ಮಾಡದೆ ಸಿಕ್ಕಿಬಿದ್ದವರ ಹಾಗೆ. ಅರ್ಜುಮಂದ್ ಅಂತೂ ಗಿಡದ ಹಿಂದೆ ಕೂತೇಬಿಟ್ಟಿದ್ದಳು.

ಶಾಲೆ ಹೋದರೆ ಊರಿಗೆ ಏನಾಗುತ್ತದೋ ಪೀರ್‌ಬೀಗೆ ತಿಳಿಯದು, ತನ್ನ ಮನೆಗೆ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅರ್ಜುಮಂದ್ ಎಂಟನೇತ್ತಕ್ಕೆ, ಅಂದರೆ ಎಂಟನೇ ತರಗತಿಗೆ ಸೇರುವಾಗಲೇ ಶಕೀಲ್ ಒಂದು ಮಾತು ಕೊಟ್ಟಿದ್ದ. ಊರಿನಲ್ಲಿ ಶಾಲೆ ಇರುವ ತನಕ ಓದಲಿ, ಶಾಲೆಗೆಂದು ಬಸ್ಸು ಹತ್ತುವುದು ಮಾತ್ರ ಬೇಡ ಎಂದಿದ್ದ. ಅದು ಅರ್ಧ ಒಪ್ಪಿಗೆ, ಅರ್ಧ ಬೀಗ. ಹುಡುಗಿ ಈಗ ಒಂಬತ್ತನೇತ್ತ. ಶಾಲೆ ಹೋದರೆ ಹತ್ತನೇತ್ತ ಇಲ್ಲ. ಹತ್ತನೇತ್ತ ಇಲ್ಲದಿದ್ದರೆ ಹಿಂದೊಮ್ಮೆ ಹೆಣ್ಣು ಕೇಳಿಹೋಗಿದ್ದ ದೇವದುರ್ಗದ ಕಡೆಯವರು ಮತ್ತೆ ಬಾಗಿಲಿಗೆ ಬರುತ್ತಾರೆ. ಪೀರ್‌ಬೀಗೆ ಹದಿನಾಲ್ಕಕ್ಕೆ ಮದುವೆಯಾಗಿತ್ತು. ಅದರ ಬಗ್ಗೆ ಅವಳು ಯಾರ ಹತ್ತಿರವೂ ಗೊಣಗಿದವಳಲ್ಲ, ಮೊಮ್ಮಗಳಿಗೆ ಅದು ಬೇಡ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೀಗಿದ್ದೂ ಅವಳನ್ನು ದಿನಾ ಬೆಂಚಿನಿಂದ ಎಬ್ಬಿಸಿ ಟಂಟಂ ಹತ್ತಿಸುತ್ತಿದ್ದವಳು ತಾನೇ ಎಂಬುದು ಆ ಬದುವಿನ ಮೇಲೆ ಅವಳಿಗೆ ಹೊಳೆಯಿತು.

ಮರುದಿನ ಗಿರಣಿಯ ಮುಂದೆ ಎಲ್ಲರೂ ಟಂಟಂ ಹತ್ತಿ ಕೂತಿದ್ದರು. ಪೀರ್‌ಬೀ ಹತ್ತಲಿಲ್ಲ. ಕೆಳಗೇ ನಿಂತು ಹೇಳಿದಳು.

"ಹತ್ತನೇತ್ತ ಮುಗಿಯೋತನ ಯಾವ ಹುಡುಗೀನೂ ನನ್ನ ಗುಂಪಿನ್ಯಾಗ ಬರಂಗಿಲ್ಲ. ಅರ್ಜುಮಂದ್, ಮೊದ್ಲು ನೀ ಇಳಿ."

ಅರ್ಜುಮಂದ್ ಇಳಿದಳು. ಬೇರೆ ಹುಡುಗಿಯರು ತಾಯಂದಿರ ಮುಖ ನೋಡಿದರು, ತಾಯಂದಿರು ಪೀರ್‌ಬೀಯ ಮುಖ ನೋಡಿದರು. ಆಮೇಲೆ ಎದ್ದ ಗದ್ದಲಕ್ಕೆ ಗಿರಣಿಯವನು ಹಿಟ್ಟಿನ ಮುಖದಲ್ಲೇ ಹೊರಗೆ ಬಂದು ನಿಂತ. ಮಗಳಿಲ್ಲದೆ ಜೋಡಿ ಎಲ್ಲಿಂದ ತರುವುದು ಎಂಬುದೇ ಎಲ್ಲರ ಪ್ರಶ್ನೆ. ಪೀರ್‌ಬೀಗೆ ಅದೇ ಪ್ರಶ್ನೆ ಬೇಕಿತ್ತು. ನೀವು ನೀವೇ ಜೋಡಿಯಾಗಿ ಎಂದಳು. ಹುಲಿಗೆಮ್ಮನಿಗೆ ಸತ್ಯವತಿ, ಸೋಮ್ಲಿಬಾಯಿಗೆ ಜೈನಾಬೀ, ಹೀಗೆ ಒಬ್ಬೊಬ್ಬರ ಹೆಸರು ಕೂಗಿ ಅಲ್ಲೇ ಜೋಡಿ ಕಟ್ಟಿಬಿಟ್ಟಳು. ಒಪ್ಪದವರು ಇಳಿಯಬಹುದು ಎಂದಳು. ಹಂಗಾಮಿನ ಹೊತ್ತು, ಇಳಿಯುವುದೂ ಸುಲಭವಲ್ಲ.

ಅಂದಿನಿಂದ ಎಲ್ಲರೂ ಅಕ್ಕತಂಗಿಯರಾದರು ಎಂದು ಬರೆದರೆ ಶುದ್ಧ ಸುಳ್ಳಾಗುತ್ತದೆ. ಮೊದಲ ವಾರ ಸಾಲುಗಳು ಹಾವಿನಂತೆ ಡೊಂಕಾದವು. ಒಬ್ಬಳು ಮುಂದೆ ಓಡಿದರೆ ಇನ್ನೊಬ್ಬಳು ಬೇಕೆಂದೇ ಹಿಂದೆ ಬೀಳುತ್ತಿದ್ದಳು. ಹೊಲದ ಯಜಮಾನ ಅಮರಗುಂಡಪ್ಪ ಬದುವಿನ ಮೇಲೆ ನಿಂತು ಬಾಯಿ ಬಡಿದುಕೊಂಡ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಸತ್ಯವತಿ ತನಗೆ ಹಸಿವೇ ಇಲ್ಲ ಎಂದು ನಾಲ್ಕು ದಿನ ಬರಿ ನೀರು ಕುಡಿದಳು. ಹುಲಿಗೆಮ್ಮನೂ ಕಡಿಮೆಯವಳಲ್ಲ. ಹಸಿವಿಲ್ಲದವರ ಉಪ್ಪಿನಕಾಯಿ ತನಗೂ ಬೇಡ ಎಂದು ಒಣರೊಟ್ಟಿ ಮುರಿದು ತಿಂದಳು. ಐದನೆಯ ದಿನ ಸತ್ಯವತಿಗೆ ಕಣ್ಣುಕತ್ತಲೆ ಬಂದು ಸಾಲಿನಲ್ಲೇ ಕುಸಿದಾಗ ಎತ್ತಿ ಕೂರಿಸಿ ಬಾಯಿಗೆ ರೊಟ್ಟಿ ತುರುಕಿದವಳು ಹುಲಿಗೆಮ್ಮ. ತುರುಕುತ್ತಲೇ ಬೈದಳು ಕೂಡ. ಅವರಿಬ್ಬರ ನಡುವೆ ಅಂದಿನಿಂದ ಇರುವುದು ಸ್ನೇಹವೋ ಜಗಳವೋ ಈಗಲೂ ಹೇಳಲಾಗುವುದಿಲ್ಲ, ಆದರೆ ಬುತ್ತಿ ಮಾತ್ರ ಒಂದಾಯಿತು. ಸಂಜೆ ಇದನ್ನು ಕೇಳಿದ ಅರ್ಜುಮಂದ್‌ಗೆ ಇದರಲ್ಲಿ ಏನು ವಿಶೇಷವೆಂದೇ ತಿಳಿಯಲಿಲ್ಲ. ಹುಲಿಗೆಮ್ಮನ ಮಗಳೂ ಸತ್ಯವತಿಯ ಮಗಳೂ ಶಾಲೆಯಲ್ಲಿ ಎಂಟನೇತ್ತದಿಂದ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದಾರಲ್ಲ ಎಂದಳು. ತಾವು ಮಕ್ಕಳನ್ನು ಎಂಥ ಜಾಗದಿಂದ ಎಬ್ಬಿಸಿ ತರುತ್ತಿದ್ದೆವು ಎಂದು ಪೀರ್‌ಬೀಗೆ ನಾಚಿಕೆಯಾಯಿತು.

ಜೋಡಿಗೆ ಒಪ್ಪದೆ ಇಳಿದುಹೋದವಳು ಒಬ್ಬಳೇ, ಕಲ್ಯಾಣಮ್ಮ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಗಂಡ ತೀರಿದ ಮೇಲೆ ಮೈದುನನ ಮನೆಯ ಹಿಂದೊಂದು ಒಲೆ ಹೂಡಿಕೊಂಡು ಇದ್ದವಳು. ಹೆಚ್ಚು ಮಾತಿಲ್ಲ. ಮಗಳು ಶಿವರಂಜನಿ ಆಗ ಹತ್ತನೇತ್ತದಲ್ಲಿದ್ದಳು, ಶಿವಕುಮಾರಿ ಟೀಚರ್ ಅವಳ ಮೇಲೆ ಆಸೆಯಿಟ್ಟುಕೊಂಡಿದ್ದರು. ಇಳಿದ ತಾಯಿ ಮಗಳು ಮರುದಿನ ಕ್ಯಾಂಪಿನ ಗೋಪಣ್ಣನ ಟಂಟಂನಲ್ಲಿ ಕಂಡರು. ಗೋಪಣ್ಣ ಇನ್ನೊಬ್ಬ ಮೇಸ್ತ್ರಿ. ಅವನ ಗುಂಪಿನಲ್ಲಿ ಯಾವ ವಯಸ್ಸಿನವರೂ ಆಗುತ್ತಿತ್ತು. ಅವರನ್ನು ನೋಡಿ ಇನ್ನೂ ಇಬ್ಬರು ತಾಯಂದಿರು ಮಗಳ ಕೈ ಹಿಡಿದು ಗೋಪಣ್ಣನ ಕಡೆ ನಡೆದರು. ಹೀಗೇ ಸಾಗಿದರೆ ಸಂಕ್ರಾಂತಿಯ ಹೊತ್ತಿಗೆ ಗುಂಪೂ ಇಲ್ಲ, ಶಾಲೆಯೂ ಇಲ್ಲ ಎಂಬುದು ಪೀರ್‌ಬೀಗೆ ಅರ್ಥವಾಯಿತು.

ಊರೆಲ್ಲ ಕಲ್ಯಾಣಮ್ಮ ಹೋದದ್ದಕ್ಕೆ ಒಂದೇ ಕಾರಣ ಕೊಟ್ಟಿತು. ಬೇರೆಯವರ ಜೊತೆ ಬುತ್ತಿ ಬಿಚ್ಚುವುದು ಅವಳ ಮಡಿಗೆ ಆಗಲಿಲ್ಲ ಎಂದು. ಪೀರ್‌ಬೀಯೂ ಅದನ್ನೇ ನಂಬಿದಳು. ನಮ್ಮ ಕಡೆ ಯಾರಾದರೂ ಯಾರಿಂದಾದರೂ ದೂರ ಸರಿದರೆ ನಮಗೆ ಮೊದಲು ಕಾಣುವುದು ಜಾತಿ, ಬೇರೆ ಕಾರಣ ಹುಡುಕುವ ಗೋಜಿಗೆ ಹೋಗುವುದಿಲ್ಲ. ಸಂತೆಯ ದಿನ ಕೆಲಸವಿರಲಿಲ್ಲ. ಪೀರ್‌ಬೀ ಸೆರಗು ಬಿಗಿದು ಕಲ್ಯಾಣಮ್ಮನ ಹಿತ್ತಲಿಗೆ ಹೋದಳು. ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋದಳು.

ಕಲ್ಯಾಣಮ್ಮ ಒಲೆಯ ಮುಂದೆ ಇದ್ದಳು. ಪೀರ್‌ಬೀ ಹೊಸ್ತಿಲ ಹೊರಗೇ ನಿಂತು ಶುರುಮಾಡಿದಳು. ನಿನಗೆ ಲಿಂಗವಂತರ ಜೋಡಿಯೇ ಬೇಕಿದ್ದರೆ ಸಂತೆಕಲ್ಲೂರಿನಿಂದ ಹುಡುಕಿ ತರುತ್ತೇನೆ, ನಿನ್ನ ಮಡಿಯನ್ನು ನೀನೇ ಇಟ್ಟುಕೋ, ಅದಕ್ಕಾಗಿ ಆ ಹುಡುಗಿಯ ಓದನ್ನು ಒಲೆಗೆ ಯಾಕೆ ಹಾಕುತ್ತೀ ಎಂದು ಕೇಳಿದಳು. ಇನ್ನೂ ಬಹಳ ಅಂದಳು. ಕಲ್ಯಾಣಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಎದ್ದು ಬಂದು ಬಲಗೈ ಚಾಚಿದಳು.

"ಮುಟ್ಟಿ ನೋಡು. ಇದರಾಗ ಜೀವ ಇಲ್ಲ ಪೀರ್‌ಬೀ. ಒಡದ ಹತ್ತೀನೂ ಹಿಡಿಯಾಕ ಆಗಂಗಿಲ್ಲ. ಹೋದ ವರ್ಷದಿಂದ ನನ್ನ ಪಾಲೂ ಶಿವರಂಜನೀನೇ ಬಿಡಿಸಾಕತ್ಯಾಳ. ಬ್ಯಾರೇದಾಕಿ ಜೋಡಿ ನಿಂತ್ರ ಮೊದಲ ಸಾಲಿನ್ಯಾಗ ಗೊತ್ತಾಗ್ತೈತಿ."

ಪೀರ್‌ಬೀ ಮುಟ್ಟಿ ನೋಡಿದಳು. ಬೆರಳು ತಣ್ಣಗಿದ್ದವು, ಮಡಿಚುತ್ತಿರಲಿಲ್ಲ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ತೋರಿಸಿದ್ದಳಂತೆ. ನರದ ತೊಂದರೆ, ಅಂಟುವಂಥದ್ದಲ್ಲ ಎಂದಿದ್ದರಂತೆ. ಆದರೆ ಜೋಮು ಹಿಡಿದ ಬೆರಳು ಎಂದರೆ ಓಣಿಯವರು ಯಾವ ರೋಗದ ಹೆಸರು ಹೇಳುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಹೆಸರು ಒಮ್ಮೆ ಅಂಟಿದರೆ ಶಿವರಂಜನಿಗೆ ಗಂಡು ಸಿಗುವುದಿಲ್ಲ, ಮೈದುನ ಹಿತ್ತಲಿನಲ್ಲೂ ಇಟ್ಟುಕೊಳ್ಳುವುದಿಲ್ಲ. ಪೀರ್‌ಬೀಗೆ ತಾನು ಅಂದದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ಇರಲಿಲ್ಲ. ಅವಳು ಹೊಸ್ತಿಲು ದಾಟಿ ಒಳಗೆ ಹೋಗಿ ಒಲೆಯ ಪಕ್ಕದಲ್ಲೇ ಕೂತಳು.

"ನಾಳಿಂದ ನೀ ನನ್ನ ಜೋಡಿ" ಎಂದಳು. "ನಮ್ಮ ಚೀಲ ನಾನೇ ತೂಕಕ್ಕ ಇಡ್ತೀನಿ. ಯಾರು ಎಷ್ಟು ಬಿಡಿಸಿದ್ರು ಅಂತ ಯಾಂವ ನೋಡ್ತಾನ?"

ಮರುದಿನ ಕಲ್ಯಾಣಮ್ಮ ಒಬ್ಬಳೇ ಬಂದು ಪೀರ್‌ಬೀಯ ಪಕ್ಕ ಕೂತಳು. ಶಿವರಂಜನಿ ಶಾಲೆಗೆ ಹೋದಳು. ಅದನ್ನು ನೋಡಿ ಗೋಪಣ್ಣನ ಕಡೆ ಹೋಗಿದ್ದ ಆ ಇಬ್ಬರೂ ತಿರುಗಿ ಬಂದರು. ಲಿಂಗವಂತರ ಕಲ್ಯಾಣಮ್ಮ ಪೀರ್‌ಬೀಯ ಜೊತೆ ಬುತ್ತಿ ಬಿಚ್ಚುತ್ತಾಳೆ ಎಂದಮೇಲೆ ತಮ್ಮದೇನು ಎಂದುಕೊಂಡಿರಬೇಕು. ಊರು ಆಗಲೂ ತಪ್ಪಾಗಿಯೇ ತಿಳಿಯಿತು, ಕಲ್ಯಾಣಮ್ಮನನ್ನು ದೊಡ್ಡ ಮನಸ್ಸಿನವಳು ಎಂದು ಹೊಗಳಿತು.

ಆ ಹಂಗಾಮು ಪೀರ್‌ಬೀ ದುಡಿದಷ್ಟು ಹಿಂದೆಂದೂ ದುಡಿದಿರಲಿಲ್ಲ. ತನ್ನ ಕಡೆಯ ಕಾಯಿ ಬಿಡಿಸಿ, ಗಿಡದ ಮೇಲಿನಿಂದ ಕೈ ಚಾಚಿ ಆಚೆಯದನ್ನೂ ಬಿಡಿಸುತ್ತಿದ್ದಳು. ಕಲ್ಯಾಣಮ್ಮ ಎಡಗೈಯಿಂದ ಸಿಕ್ಕಷ್ಟು ಕೀಳುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಬಲಗೈಯನ್ನು ಉಡಿಯ ಹತ್ತಿಯೊಳಗೆ ಹುದುಗಿಸುತ್ತಿದ್ದಳು. ಸಂಜೆಗೆ ಪೀರ್‌ಬೀಯ ರಟ್ಟೆ ಬಿದ್ದುಹೋಗುತ್ತಿದ್ದವು. ಆದರೂ ಇಬ್ಬರ ಚೀಲ ಉಳಿದವರ ಚೀಲದಷ್ಟು ತುಂಬುತ್ತಿರಲಿಲ್ಲ. ಮೇಸ್ತ್ರಿಗೆ ವಯಸ್ಸಾಯಿತು ಎಂದು ಹೆಂಗಸರು ಹಿಂದಿನಿಂದ ಆಡಿಕೊಂಡರು. ಪೀರ್‌ಬೀ ಅದನ್ನು ನುಂಗಿಕೊಂಡಳು. ವಯಸ್ಸಿನ ಮಾತು ಅವಳನ್ನು ನಿಜಕ್ಕೂ ನೋಯಿಸಿತು.

ಮೊದಲ ದಿನ ಮಧ್ಯಾಹ್ನ ಕಲ್ಯಾಣಮ್ಮ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಯ, ಗುರೆಳ್ಳಿನ ಹಿಂಡಿ ಹಾಕಿ ಅಭ್ಯಾಸದಂತೆ ಬಲಗೈಯಿಂದಲೇ ಚಾಚಿದಳು. ಚಾಚಿದ ಮೇಲೆ ಅವಳಿಗೆ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದಳು. ಪೀರ್‌ಬೀ ರೊಟ್ಟಿಯನ್ನು ಆ ಕೈಯಿಂದಲೇ ತೆಗೆದುಕೊಂಡಳು. ಅಂದಿನಿಂದ ಹಂಗಾಮು ಮುಗಿಯುವವರೆಗೆ ತನ್ನ ಬುತ್ತಿಯಲ್ಲಿ ಬದನೆಕಾಯಿ, ಬೇಳೆ, ಸೊಪ್ಪು ಬಿಟ್ಟು ಬೇರೇನೂ ತರಲಿಲ್ಲ. ಕಲ್ಯಾಣಮ್ಮ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಚಳಿಗಾಲದಲ್ಲಿ ಮೇಲಿನವರು ಹೇಳದೆ ಕೇಳದೆ ಎರಡು ಸಲ ಶಾಲೆಗೆ ಬಂದು ಹೋದರು. ಎರಡು ಸಲವೂ ಹುಡುಗಿಯರ ಬೆಂಚು ತುಂಬಿತ್ತು. ಬೇಸಿಗೆ ರಜೆಯ ಕೊನೆಗೆ ಶಿವಕುಮಾರಿ ಟೀಚರ್ ಪೀರ್‌ಬೀಯ ಮನೆಗೇ ಬಂದು, ಚಾಪೆಯ ಮೇಲೆ ಕೂತು ಚಹಾ ಕುಡಿದು, ಶಾಲೆ ಉಳಿಯಿತು ಎಂದರು. ಆದರೆ ಸುಳ್ಳು ಭರವಸೆ ಕೊಡುವ ಜಾಯಮಾನ ಅವರದಲ್ಲ. ಸದ್ಯಕ್ಕೆ ಉಳಿದಿದೆ, ಮುಂದಿನ ಹತ್ತಿಯ ಹೊತ್ತಿನಲ್ಲೂ ನೋಡುತ್ತಾರೆ, ಮತ್ತೆ ಬೆಂಚು ಖಾಲಿಯಾದರೆ ಹೋದಂತೆಯೇ ಎಂದು ಸೇರಿಸಿದರು. ಶಿವರಂಜನಿ ಹತ್ತನೇತ್ತ ಒಳ್ಳೆಯ ಅಂಕದಲ್ಲಿ ಪಾಸಾಗಿ ಮಸ್ಕಿಯ ಕಾಲೇಜಿಗೆ ಸೇರಿದಳು. ಅರ್ಜುಮಂದ್ ಹತ್ತನೇತ್ತಕ್ಕೆ ಬಂದಳು.

ಇಲ್ಲಿಂದಲೇ ತೊಡಕು ಶುರುವಾಯಿತು. ಶಿವರಂಜನಿಯ ಹತ್ತನೇತ್ತ ಮುಗಿಯಿತಲ್ಲ, ಪೀರ್‌ಬೀಯದೇ ನಿಯಮದ ಪ್ರಕಾರ ಅವಳು ಇನ್ನು ಹೊಲಕ್ಕೆ ಬರಬಹುದು. ಈ ಹಂಗಾಮಿಗೆ ಕಲ್ಯಾಣಮ್ಮ ಮಗಳನ್ನೇ ಜೋಡಿ ಮಾಡಿಕೊಳ್ಳುತ್ತಾಳೆ ಎಂದು ಎಲ್ಲರೂ ಎಣಿಸಿದರು. ಪೀರ್‌ಬೀಯೂ ಎಣಿಸಿದಳು. ಕಾಲೇಜಿನಲ್ಲಿ ಒಂದೆರಡು ತಿಂಗಳು ಹೇಗೋ ನಡೆಯುತ್ತದೆ, ಮನೆಯ ಪಾಲು ಮನೆಯಲ್ಲೇ ಉಳಿಯುತ್ತದೆ, ಕೈಯ ಸಂಗತಿಯೂ ಮುಚ್ಚಿಯೇ ಇರುತ್ತದೆ. ತಾನು ಅವಳ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದಳು. ಹಾಗಾದರೆ ಪೀರ್‌ಬೀಯ ಜೋಡಿ ಯಾರು? ಉಳಿದವರದೆಲ್ಲ ಕಟ್ಟಿಯಾಗಿತ್ತು, ಒಬ್ಬಂಟಿ ಹೆಂಗಸು ಗುಂಪಿನಲ್ಲಿ ಇರಲಿಲ್ಲ. ಕಲ್ಯಾಣಮ್ಮನನ್ನು ಒಂದು ಮಾತು ಕೇಳಬಹುದಿತ್ತು. ಅದಕ್ಕೆ ಪೀರ್‌ಬೀಗೆ ಬಾಯಿ ಬರಲಿಲ್ಲ. ಕೇಳಿದರೆ ಹೋದ ವರ್ಷದ್ದಕ್ಕೆ ಬೆಲೆ ಕಟ್ಟಿದಂತಾಗುತ್ತದೆ ಎನಿಸಿತು.

ಹಂಗಾಮಿನ ಹಿಂದಿನ ದಿನ ಶಕೀಲ್ ಬಂದ. ಕೆಟ್ಟವನಲ್ಲ, ಹೈರಾಣಾದವನು. ಹೋದ ವರ್ಷ ನಿನ್ನ ಕೈಗೆ ಅರ್ಧ ಪಾಲೂ ಹತ್ತಲಿಲ್ಲವಂತೆ, ಏನಾಯಿತು ಎಂದು ತಾಯಿಯನ್ನು ಕೇಳಿದ. ಪೀರ್‌ಬೀ ಉತ್ತರಿಸಲಿಲ್ಲ. ಉತ್ತರ ಅವಳದಾಗಿರಲಿಲ್ಲ, ಕಲ್ಯಾಣಮ್ಮನದಾಗಿತ್ತು. ಸುಮ್ಮನಿದ್ದದ್ದಕ್ಕೆ ಅವನು ವಯಸ್ಸೇ ಕಾರಣ ಎಂದು ತಿಳಿದ. ಈ ಮೂರು ತಿಂಗಳು ಅರ್ಜುಮಂದ್ ಅಜ್ಜಿಯ ಜೋಡಿ ನಿಲ್ಲಲಿ, ಆಮೇಲೆ ಬೇಕಾದರೆ ಪರೀಕ್ಷೆಗೆ ಕೂರಲಿ ಎಂದ. ಪೀರ್‌ಬೀ ಬೇಡ ಎಂದಳು. ಅವನು ಹಟ ಹಿಡಿದ. ಆ ಮನೆಯಲ್ಲಿ ಎಂದೂ ಸೋಲದ ಬಾಯಿ ಅಂದು ಸೋತಿತು, ಏಕೆಂದರೆ ಹೇಳಬೇಕಾದ ಒಂದೇ ಮಾತನ್ನು ಅವಳು ಹೇಳುವಂತಿರಲಿಲ್ಲ.

ಬೆಳಿಗ್ಗೆ ಗಿರಣಿಯ ಮುಂದೆ ಟಂಟಂ ನಿಂತಿತ್ತು. ಹೆಂಗಸರೆಲ್ಲ ಬಂದಿದ್ದರು. ಕೆಲವರ ಹಿಂದೆ ಹೈಸ್ಕೂಲಿನ ಮಗಳಂದಿರೂ ಬಂದು ನಿಂತಿದ್ದರು, ಸುಮ್ಮನೆ ನೋಡಲು ಬಂದವರ ಹಾಗೆ. ಪೀರ್‌ಬೀಗೆ ಅದರ ಅರ್ಥ ಗೊತ್ತಿತ್ತು. ಅರ್ಜುಮಂದ್ ಟಂಟಂ ಹತ್ತಿದ ಗಳಿಗೆಗೆ ಅವರೆಲ್ಲರೂ ಹತ್ತುತ್ತಾರೆ. ಅಷ್ಟರಲ್ಲಿ ಕಲ್ಯಾಣಮ್ಮ ಬಂದಳು, ಪಕ್ಕದಲ್ಲಿ ಶಿವರಂಜನಿ. ಮೇಸ್ತ್ರಿಯ ಜೋಡಿ ಹೋಯಿತು ಎಂದು ಯಾರೋ ಮೆಲ್ಲಗೆ ಅಂದರು. ಪೀರ್‌ಬೀ ನೆಲ ನೋಡಿದಳು. ಶಕೀಲ್ ಮಗಳಿಗೆ ಹತ್ತು ಎಂದ. ಅರ್ಜುಮಂದ್ ಅಜ್ಜಿಯ ಮುಖ ನೋಡಿ, ಅಲ್ಲಿ ಏನೂ ಸಿಗದೆ, ಒಂದು ಕಾಲು ಟಂಟಂನ ಮೆಟ್ಟಿಲ ಮೇಲಿಟ್ಟಳು.

"ಶಕೀಲ, ನಿಂದ್ರಪಾ" ಎಂದಳು ಕಲ್ಯಾಣಮ್ಮ. ಅವಳು ಅಷ್ಟು ಜನರ ನಡುವೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಿಮ್ಮವ್ವನ ಪಾಲು ಯಾಕ ಕಡಿಮಿ ಆತು ಅಂತ ಕೇಳಿದ್ಯಂತ. ಅರ್ಜುಮಂದ್ ಅತ್ಕೊಂತ ನನ್ನ ಮಗಳ ಮುಂದ ಹೇಳ್ಯಾಳ. ಇಲ್ಲಿ ನೋಡು."

ಸೆರಗಿನೊಳಗಿಂದ ಬಲಗೈ ತೆಗೆದು ಎಲ್ಲರಿಗೂ ಕಾಣುವಂತೆ ಚಾಚಿ ಮುಷ್ಟಿ ಹಿಡಿಯಲು ನೋಡಿದಳು. ಬೆರಳು ಮಡಿಚಲಿಲ್ಲ. ಹಿಂದೆ ನಿಂತವರು ಇಣುಕಿದರು. ಒಬ್ಬಳು ಹೆಂಗಸು ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ಕಲ್ಯಾಣಮ್ಮ ನೋಡಿದಳು, ಶಿವರಂಜನಿಯೂ ನೋಡಿದಳು. ಆದರೂ ಕೈ ಕೆಳಗಿಳಿಸಲಿಲ್ಲ.

"ಹೋದ ಹಂಗಾಮ ಪೂರ್ತಿ ನಿಮ್ಮವ್ವ ನನ್ನ ಪಾಲೂ ಬಿಡಿಸಿ ಸಮಾ ಹಂಚ್ಯಾಳ. ನನ್ನ ಮಗಳು ಹತ್ತನೇತ್ತ ದಾಟ್ಯಾಳ. ಒಂದು ದಿನಾನೂ ಯಾರ ಮುಂದೂ ಅಂದಿಲ್ಲ. ದವಾಖಾನ್ಯಾಗ ನರ ಅಂದಾರ, ನೀವು ಏನರ ಅನ್ರಿ. ನನ್ನ ಇಲ್ಲೇ ಬಿಟ್ಟು ಹೋದ್ರೂ ಹೋಗ್ರಿ. ಆ ಹುಡುಗೀನ ಮಾತ್ರ ಹತ್ತಿಸಬ್ಯಾಡ್ರಿ."

ಮಗಳ ಹೆಸರಿಗೆ ಮಸಿ ಹತ್ತೀತೆಂದು ಎರಡು ವರ್ಷ ಮುಚ್ಚಿಟ್ಟ ಕೈಯನ್ನು ಮಗಳ ಎದುರಿಗೇ ಊರಿಗೆ ತೋರಿಸಿದ್ದಳು. ಪೀರ್‌ಬೀಯ ಕಣ್ಣಿನಿಂದ ದಳದಳ ನೀರು ಇಳಿಯಿತು. ಆಮೇಲೆ ಹುಲಿಗೆಮ್ಮ ಟಂಟಂನಿಂದ ಇಳಿದು ಬಂದು ಕಲ್ಯಾಣಮ್ಮನ ಆ ಕೈಯನ್ನೇ ಹಿಡಿದುಕೊಂಡಳು. ಕೇರಿಯವಳು ಲಿಂಗವಂತರವಳ ಕೈ ಹಿಡಿದಳು ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ, ಅವರಿಬ್ಬರಿಗೂ ಹೊಳೆಯಲಿಲ್ಲ.

"ಇವತ್ತು ನನ್ನ ಜೋಡಿ ನಿಂದ್ರು" ಎಂದಳು. "ಸತ್ಯವತಿ ಮೇಸ್ತ್ರಿ ಜೋಡಿ ನಿಂದ್ರಲಿ. ನಾಳಿ ಸೋಮ್ಲಿ, ನಾಡಿದ್ದು ಜೈನಾಬೀ. ಒಬ್ಬೊಬ್ರು ಒಂದೊಂದು ದಿನ ಹಿಡದ್ರ ಯಾರ ಪಾಲೂ ಮುಳುಗಂಗಿಲ್ಲ."

ಸತ್ಯವತಿ ತೆಲುಗಿನಲ್ಲಿ ಏನೋ ಗೊಣಗಿದಳು, ಗೊಣಗುತ್ತಲೇ ಜಾಗ ಬದಲಿಸಿ ಕೂತಳು. ಹಿಂದೆ ಸರಿದಿದ್ದ ಹೆಂಗಸು ತಲೆ ತಗ್ಗಿಸಿ ತನಗೂ ಒಂದು ದಿನ ಇರಲಿ ಎಂದಳು. ಶಿವರಂಜನಿ ಕಣ್ಣೊರೆಸಿಕೊಂಡು ಮಸ್ಕಿಯ ಬಸ್ಸು ಹಿಡಿಯಲು ನಡೆದಳು.

ಶಕೀಲ್ ತಾಯಿಯನ್ನು ನೋಡಲಾರದೆ ಟಂಟಂನ ಗಾಲಿಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಮಗಳ ಕೈಯಲ್ಲಿದ್ದ ಹತ್ತಿಯ ಚೀಲವನ್ನು ಇಸಿದುಕೊಂಡು ಪೀರ್‌ಬೀಯ ಕೈಗಿಟ್ಟ. ಅವನ ದನಿ ಒರಟಾಗಿತ್ತು.

"ಹೋಗು" ಎಂದ ಅರ್ಜುಮಂದ್‌ಗೆ. "ಸಾಲಿಗೆ ಹೊತ್ತಾಗ್ತದ."

ಶಾಲೆಯ ಬಾಗಿಲು ತೆರೆಯಲು ಇನ್ನೂ ಎರಡು ತಾಸಿಗೂ ಹೆಚ್ಚು ಸಮಯವಿತ್ತು. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ಹೇಳಲಿಲ್ಲ. ಅರ್ಜುಮಂದ್ ಮೆಟ್ಟಿಲಿನಿಂದ ಕಾಲು ತೆಗೆದು ಓಡಿದಳು. ಅವಳ ಹಿಂದೆ ಆ ಹುಡುಗಿಯರೆಲ್ಲರೂ ಓಡಿದರು.